ಸಿಲ್ಲೋಡಿನಿಂದ ಬಂದ ಎಡಗಣ್ಣು

ಔರಂಗಾಬಾದನ್ನು ಎಲ್ಲರೂ ಇನ್ನೂ ಆ ಹೆಸರಿನಿಂದಲೇ ಕರೆಯುತ್ತಿದ್ದ ಕಾಲ ಅದು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಅಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದೆ. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ನಾಸಿಕದ ಪಕ್ಕದ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ನಮ್ಮ ಮನೆ ಅಲ್ಲೇ ಇತ್ತು. ಶನಿವಾರ ಮಧ್ಯಾಹ್ನ ರೈಲು ಹತ್ತಿ ನಾಸಿಕಕ್ಕೆ ಹೋಗಿ, ಸೋಮವಾರ ಬೆಳಿಗ್ಗೆ ತಿರುಗಿ ಬರುವುದು ನನ್ನ ರೂಢಿ.

ನನ್ನ ಸಂಶೋಧನೆ ಕಣ್ಣಿನ ಚಿತ್ರಗಳ ಮೇಲೆ. ನಾಸಿಕದ ಒಬ್ಬ ಕಣ್ಣಿನ ಡಾಕ್ಟರು, ನನ್ನ ಅವ್ವನ ವಯಸ್ಸಿನ ಮರಾಠಿ ಹೆಂಗಸು, ಸುತ್ತಲಿನ ಊರುಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಶಿಬಿರ ನಡೆಸುತ್ತಿದ್ದರು. ವ್ಯಾನಿನಲ್ಲಿ ಕ್ಯಾಮೆರಾ ಹೇರಿಕೊಂಡು ಹೋಗಿ, ಬಂದವರ ಕಣ್ಣಿಗೆ ಹನಿ ಹಾಕಿ, ಕಣ್ಣಿನ ಹಿಂಗೋಡೆಯ ಫೋಟೋ ತೆಗೆದು ಸಿ.ಡಿ.ಯಲ್ಲಿ ನನಗೆ ಕಳಿಸುತ್ತಿದ್ದರು. ಚಿತ್ರದ ಜೊತೆ ಹೆಸರು ಇರುತ್ತಿರಲಿಲ್ಲ. ಒಂದು ಸಂಖ್ಯೆ, ಊರು, ವಯಸ್ಸು, ಎಡಗಣ್ಣೋ ಬಲಗಣ್ಣೋ, ಅಷ್ಟೆ.

ಆ ಚಿತ್ರಗಳನ್ನು ಮೊದಲ ಸಲ ನೋಡಿದವರಿಗೆ ಅದು ಕಣ್ಣು ಎಂದು ಅನಿಸುವುದೇ ಇಲ್ಲ. ಕಿತ್ತಳೆ ಬಣ್ಣದ ಒಂದು ಬಿಲ್ಲೆ, ಅದರ ಒಂದು ಪಕ್ಕದಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆ, ಆ ಚುಕ್ಕೆಯಿಂದ ಎಲ್ಲ ಕಡೆಗೂ ಹರಡಿದ ರಕ್ತನಾಳಗಳು. ಮಸುಕು, ನೆರಳು, ಕ್ಯಾಮೆರಾದ ಕಲೆಗಳ ನಡುವೆ ಸಣ್ಣ ನಾಳಗಳು ಕಾಣುವುದಿಲ್ಲ. ಅವನ್ನು ಬೇರ್ಪಡಿಸಿ ತೆಗೆಯುವುದು ನನ್ನ ಕೆಲಸ. ಅದಕ್ಕೆ ವೇವ್‌ಲೆಟ್ ಎಂಬ ಗಣಿತವಿದೆ. ಸಮುದ್ರದ ಅಲೆಯ ಹಾಗೆ ಮುಗಿಯದೆ ಸಾಗುವುದಲ್ಲ ಇದು. ಎದ್ದು, ಒಮ್ಮೆ ತೂಗಿ, ಅಲ್ಲೇ ಆರಿಹೋಗುವ ಕಿರು ಅಲೆ. ಅದನ್ನು ದಪ್ಪ ಮಾಡಿ, ಸಣ್ಣ ಮಾಡಿ, ಎಲ್ಲ ದಿಕ್ಕಿಗೂ ತಿರುಗಿಸಿ ಚಿತ್ರದ ಮೇಲೆ ಸರಿಸುತ್ತ ಹೋದರೆ, ತನ್ನದೇ ಅಗಲದ, ತನ್ನದೇ ದಿಕ್ಕಿನ ನಾಳ ಸಿಕ್ಕಲ್ಲಿ ಅದು ಸ್ಪಂದಿಸುತ್ತದೆ. ಉಳಿದದ್ದೆಲ್ಲ ಕಪ್ಪಾಗಿ, ನಾಳಗಳು ಮಾತ್ರ ಎಲೆ ಉದುರಿದ ಮರದಂತೆ ಬೆಳ್ಳಗೆ ನಿಲ್ಲುತ್ತವೆ. ಒಬ್ಬರ ಮರ ಇನ್ನೊಬ್ಬರಿಗಿಲ್ಲ. ಅವಳಿ ಮಕ್ಕಳದ್ದೂ ಬೇರೆ ಬೇರೆ. ಮಧ್ಯಾಹ್ನಗಳಲ್ಲಿ ಲ್ಯಾಬಿನಲ್ಲಿ ಒಬ್ಬಳೇ ಕೂತು ಅಂಥ ಮರಗಳನ್ನು ಒಂದರ ಹಿಂದೊಂದು ನೋಡುತ್ತಿದ್ದರೆ, ಯಾರೋ ಬಹಳ ಜನ ನನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಾರೆ ಎನಿಸುತ್ತಿತ್ತು.

ಲಾಸಲಗಾಂವ್‌ನ ಶಿಬಿರಕ್ಕೆ ನಾನೇ ಹೋಗಿದ್ದೆ. ಈರುಳ್ಳಿ ಮಾರುಕಟ್ಟೆಯ ಹಮಾಲರಿಗಾಗಿ ಇಟ್ಟ ಶಿಬಿರ ಅದು. ಉಡುಪಿ ಕಡೆಯ ಒಂದು ಕುಟುಂಬದ ಹೋಟೆಲಿನ ಮುಂದಿನ ಕೋಣೆಯಲ್ಲಿ ನಡೆಯಿತು. ಆ ಕುಟುಂಬ ನಮಗೆ ಹಳೆಯ ಪರಿಚಯ. ಚಿಕ್ಕವಳಿದ್ದಾಗಿನಿಂದ ಅಪ್ಪನ ಜೊತೆ ಅಲ್ಲಿ ದೋಸೆ ತಿಂದಿದ್ದೆ. ಯಜಮಾನರ ಹೆಂಡತಿಯನ್ನು ನಾವು ಮಕ್ಕಳು ಮರಾಠಿ ರೂಢಿಯಂತೆ ಕಾಕು, ಚಿಕ್ಕಮ್ಮ, ಎನ್ನುತ್ತಿದ್ದೆವು. ಹಿಟ್ಟು ರುಬ್ಬುವುದರಿಂದ ಹಿಡಿದು ಚಟ್ನಿಯವರೆಗೆ ಅಡುಗೆಮನೆಯೆಲ್ಲ ಅವರದೇ. ಆ ದಿನ ಎಲ್ಲರದೂ ಮುಗಿದ ಮೇಲೆ ಕೊನೆಗೆ ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತರು. ಅವರ ಗಲ್ಲವನ್ನು ಕ್ಯಾಮೆರಾದ ಮುಂದಿನ ಆಸರೆಯ ಮೇಲೆ ಇಟ್ಟವಳು ನಾನು. ಎಡಗಣ್ಣಿನ ಚಿತ್ರ ಬಂದಾಗ ಡಾಕ್ಟರು ನನ್ನನ್ನು ಕರೆದು ತೋರಿಸಿದರು. ಬಿಳಿ ಚುಕ್ಕೆಯ ಮೇಲೆ ಒಂದು ನಾಳ ತಿರುಪಿನ ಹಾಗೆ ಸುತ್ತಿಕೊಂಡು ಮೇಲೆದ್ದು ಮತ್ತೆ ಕೆಳಗಿಳಿದಿತ್ತು. ಹುಟ್ಟಿನಿಂದಲೇ ಬಂದದ್ದು, ಕೇಡಿಲ್ಲ, ಆದರೆ ಇಂಥದ್ದು ಬಹಳ ಅಪರೂಪ ಎಂದರು.

ಆ ವರ್ಷದ ಚಳಿಗಾಲದಲ್ಲಿ ಕಾಕು ಹುಬ್ಬಳ್ಳಿಯ ತಂಗಿಯ ಮನೆಯ ಮದುವೆಗೆಂದು ಹೊರಟರು. ಮನ್ಮಾಡಿನಲ್ಲಿ ರೈಲು ಬದಲಿಸಬೇಕಿತ್ತು. ಹುಬ್ಬಳ್ಳಿ ತಲುಪಲೇ ಇಲ್ಲ. ಮನ್ಮಾಡಿನ ಹಳಿಗಳ ಮೇಲೆ ಒಂದು ಹೆಂಗಸಿನ ಹೆಣ ಸಿಕ್ಕಿದೆ ಎಂದು ಸುದ್ದಿ ಬಂತು. ಗಂಡ ಹೋಗಿ ಗುರುತು ಹಿಡಿದರು. ಅಲ್ಲೇ ದಹನ ಮಾಡಿ ಬಂದರು. ತಿಥಿಯ ಊಟಕ್ಕೆ ನಾವೂ ಹೋಗಿದ್ದೆವು. ಗಲ್ಲಾದ ಹಿಂದಿನ ಗೋಡೆಗೆ ಕಾಕುವಿನ ಫೋಟೋ ಬಂದಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ತಗ್ಗಿದ ದನಿಯಲ್ಲಿ ಹೇಳಿದಳು: "ಮುಖ ನೋಡೂ ಹಂಗ ಇರಲಿಲ್ಲಂತ. ಸೀರಿ ನೋಡಿ ಹೌದು ಅಂದಾರ."

ಅದಾಗಿ ಕೆಲವು ವರ್ಷಗಳ ಮೇಲೆ ನಾನು ಹೊಸ ಪರೀಕ್ಷೆಯೊಂದನ್ನು ಶುರು ಮಾಡಿದೆ. ಒಬ್ಬರೇ ರೋಗಿ ಎರಡು ಶಿಬಿರಗಳಿಗೆ ಬಂದಿದ್ದರೆ ನನ್ನ ಪ್ರೋಗ್ರಾಮು ಆ ಎರಡು ಚಿತ್ರಗಳನ್ನು ತಾನೇ ಜೋಡಿಸಬೇಕು. ಆಗ ಕಾಯಿಲೆ ಎಷ್ಟು ಹೆಚ್ಚಿದೆ ಎಂದು ಡಾಕ್ಟರಿಗೆ ತಿಳಿಯುತ್ತದೆ. ಜೋಡಿಗಳು ಬಂದವು. ಎಲ್ಲವೂ ಒಂದೇ ಊರಿನವು, ಒಂದರ ಹೊರತು. ಎಲ್ಲಕ್ಕಿಂತ ಹೆಚ್ಚು ಅಂಕ ಬಂದದ್ದು ಆ ಜೋಡಿಗೇ. ಹಳೆಯ ಚಿತ್ರ ಲಾಸಲಗಾಂವ್‌ನದು, ಹೊಸದು ಔರಂಗಾಬಾದಿನ ಆಚೆಯ ಸಿಲ್ಲೋಡಿನದು. ಎರಡೂ ಎಡಗಣ್ಣು.

ಎರಡನ್ನೂ ಅಕ್ಕಪಕ್ಕ ತೆರೆದೆ. ಎರಡರಲ್ಲೂ ಕಾಕುವಿನ ಕಣ್ಣಿನಲ್ಲಿ ಕಂಡಿದ್ದ, ತಿರುಪಿನಂತೆ ಸುತ್ತಿದ ಅದೇ ನಾಳ.

ಮೊದಲು ಸಿ.ಡಿ. ಕಲೆತುಹೋಗಿದೆ, ಹಳೆಯ ಚಿತ್ರವೇ ತಪ್ಪಿ ಹೊಸ ಊರಿನದರಲ್ಲಿ ಸೇರಿದೆ ಎಂದುಕೊಂಡೆ. ಆದರೆ ಅದು ಅದೇ ಚಿತ್ರವಲ್ಲ. ಹೊಸದರಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆಗಳಿದ್ದವು, ಸಕ್ಕರೆ ಕಾಯಿಲೆ ಬಲಿತಾಗ ಸಣ್ಣ ನಾಳಗಳು ಒಡೆದು ಜಿನುಗುವ ರಕ್ತ. ಹಳೆಯದರಲ್ಲಿ ಅವು ಇರಲಿಲ್ಲ. ಸುಟ್ಟು ಬೂದಿಯಾದವರ ಕಣ್ಣಿನಲ್ಲಿ ಹೊಸದಾಗಿ ರಕ್ತ ಜಿನುಗುವುದು ಹೇಗೆ? ಕಿಟಕಿಯ ಹೊರಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಬಿಸಿಲು ಚುರುಗುಟ್ಟುತ್ತಿತ್ತು. ಪರದೆಯ ಮೇಲಿನ ಆ ಕಿತ್ತಳೆ ಬಿಲ್ಲೆ ನನ್ನನ್ನೇ ನೋಡುತ್ತಿದೆ ಎನಿಸಿ ಲ್ಯಾಪ್‌ಟಾಪ್ ಮುಚ್ಚಿದೆ. ಮುಚ್ಚಿದ ಮೇಲೂ ಅದು ಒಳಗೆ ತೆರೆದೇ ಇದೆ ಎಂಬ ಭಾವನೆ ಹೋಗಲಿಲ್ಲ.

ಶನಿವಾರ ಡಾಕ್ಟರಿಗೆ ಹೇಳಿದೆ. ಅವರು ಎರಡನ್ನೂ ಬಹಳ ಹೊತ್ತು ನೋಡಿದರು. ನಂತರ ಅವರು ಹೇಳಿದ್ದು ಸತ್ತವರ ವಿಷಯವನ್ನಲ್ಲ. ಈ ಕಣ್ಣಿಗೆ ಬೇಗ ಲೇಸರ್ ಮಾಡದಿದ್ದರೆ ದೃಷ್ಟಿ ಹೋಗುತ್ತದೆ, ಸಿಲ್ಲೋಡಿನ ಈ ರೋಗಿಯನ್ನು ಎರಡು ಸಲ ಕರೆಸಿದರೂ ಬಂದಿಲ್ಲ, ವ್ಯಾನಿನ ನರ್ಸ್ ಜೊತೆ ಹೋಗಿ ಒಪ್ಪಿಸಿ ಕರೆತಾ ಎಂದರು. ಆಕೆ ಯಾರು, ಯಾರಲ್ಲ ಎಂಬುದನ್ನು ಹೊರಗೆ ಹೇಳುವ ಹಕ್ಕು ನಮಗಿಲ್ಲ ಎಂದೂ ಎಚ್ಚರಿಸಿದರು.

ವಿಳಾಸ ಸಿಲ್ಲೋಡಿನ ಹೊರಗಿದ್ದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನದು. ಹತ್ತಿಯ ಸುಗ್ಗಿ. ಗಾಳಿಯಲ್ಲೆಲ್ಲ ಹತ್ತಿಯ ಎಳೆಗಳು ತೇಲುತ್ತಿದ್ದವು. ಅಂಗಳ, ಬೇವಿನ ಮರ, ಮಲಗಿದ್ದ ನಾಯಿ, ಎಲ್ಲದರ ಮೇಲೂ ಬಿಳಿ ಪದರ. ಯಂತ್ರದ ಸದ್ದಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ, ಬಾಯಿಗಳು ಮಾತ್ರ ಆಡುತ್ತಿದ್ದವು. ಕೂಲಿಯವರ ಅಡುಗೆಮನೆ ಹಿಂದುಗಡೆ ಇತ್ತು, ಅಲ್ಲಿ ಮಾತು ಕೇಳುವಷ್ಟು ಸದ್ದು ತಗ್ಗಿತ್ತು. ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು ಒಬ್ಬ ಹೆಂಗಸು ಜೋಳದ ಭಾಕ್ರಿ ತಟ್ಟುತ್ತಿದ್ದಳು. ತಲೆಗೂದಲ ಮೇಲೆ, ಭುಜದ ಮೇಲೆ ಹತ್ತಿ ಕೂತಿತ್ತು. ಬೂದಿ ಮೆತ್ತಿಕೊಂಡು ಕೂತವರ ಹಾಗೆ ಕಂಡಳು.

ನರ್ಸ್ ಮರಾಠಿಯಲ್ಲಿ ಮಾತಾಡಿಸಿದಳು. ಹೆಂಗಸು ತಿರುಗದೆಯೇ, ಆಸ್ಪತ್ರೆಗೆ ಬರಲು ಪುರಸೊತ್ತಿಲ್ಲ ಎಂದಳು. ಗುರುತು ಹಿಡಿಯಲು ನನಗೆ ಆ ದನಿಯೇ ಸಾಕಿತ್ತು.

"ಕಾಕು," ಎಂದೆ. "ನಾನ್ರಿ. ಓಝರಿನ ಫಿಟ್ಟರ್ ಮಗಳು."

ತಟ್ಟುತ್ತಿದ್ದ ಕೈ ನಿಂತಿತು. ಆಮೇಲೆ ಮತ್ತೆ ತಟ್ಟತೊಡಗಿದರು. ನಿಮಗೆ ನಾನು ಬೇರೆ ಯಾರೋ ಅಂತ ಅನಿಸಿರಬೇಕು ಎಂದು ಮರಾಠಿಯಲ್ಲೇ ಹೇಳಿದರು. ನಾನು ವಾದಿಸಲಿಲ್ಲ. ಪಕ್ಕದಲ್ಲಿ ಕೂತು ಕಣ್ಣಿನ ವಿಷಯ ಹೇಳಿದೆ. ಎರಡು ಚಿತ್ರ, ಒಂದೇ ನಾಳ, ಹೊಸ ರಕ್ತ, ಲೇಸರ್. ಹೆಂಚಿನ ಮೇಲಿನ ಭಾಕ್ರಿ ಸೀದುಹೋಯಿತು. ನರ್ಸ್ ಸದ್ದಿಲ್ಲದೆ ಎದ್ದು ಹೊರಗೆ ಹೋದಳು.

ಕಾಕು ನನ್ನ ಕಡೆ ತಿರುಗಿದರು. "ಕಣ್ಣೊಳಗೆ ಹೆಸರು ಬರ್ದಿರ್ತದಾ ಮಾರಾಯ್ತಿ?" ಎಂದು ಕನ್ನಡದಲ್ಲಿ ಕೇಳಿದರು. ಬಹಳ ವರ್ಷ ಆಡದ ಭಾಷೆ ಎಂದು ಗೊತ್ತಾಗುತ್ತಿತ್ತು, ಒಂದೊಂದೇ ಪದವನ್ನು ಮುಟ್ಟಿ ನೋಡಿ ಇಡುತ್ತಿದ್ದರು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ನಾನು ಹೊಡೆತ, ಬಡಿತ, ಏನೋ ದೊಡ್ಡ ಕಾರಣ ನಿರೀಕ್ಷಿಸಿದ್ದೆ. ಯಾರೂ ಹೊಡೆದಿರಲಿಲ್ಲ. ಮನ್ಮಾಡಿನಲ್ಲಿ ಹುಬ್ಬಳ್ಳಿಯ ರೈಲಿಗೆ ಕಾಯುತ್ತ ಕೂತಾಗ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಯಾರೂ ಏನೂ ಕೇಳದ ಒಂದು ಮಧ್ಯಾಹ್ನ ಸಿಕ್ಕಿತಂತೆ. ಎದುರಿನ ಪ್ಲಾಟ್‌ಫಾರ್ಮಿಗೆ ಔರಂಗಾಬಾದಿನ ಗಾಡಿ ಬಂತು. ಹೋಗಿ ಹತ್ತಿದರು. ತಿರುಗಿ ಹೋಗಬೇಕೆಂದು ಅನಿಸಿದಾಗಲೆಲ್ಲ ನಾಳೆ ನೋಡುವ ಎಂದುಕೊಂಡರು. ಅಷ್ಟರಲ್ಲಿ ಸತ್ತುಹೋಗಿದ್ದರು.

"ಇಲ್ಲಿ ಅಂಗಡಿಯಲ್ಲಿ ಖಾರದ ಫರಸಾಣ ಕಟ್ಟಿ ಕೊಟ್ಟ ಪೇಪರಿನಲ್ಲಿ ನನ್ನದೇ ಫೋಟೋ ಉಂಟು," ಎಂದರು. "ಶ್ರದ್ಧಾಂಜಲಿ ಅಂತ. ಮನ್ಮಾಡಿನಲ್ಲಿ ರೈಲಿಗೆ ಸಿಕ್ಕಿ ಹೋದದ್ದು ಅಂತ. ಎಣ್ಣೆ ಹೀರಿ ಮುಖ ಎಲ್ಲ ಆಚೆಯಿಂದ ಈಚೆ ಕಾಣ್ತಿತ್ತು."

ಹಾಗಾದರೆ ಆ ಹೆಣ ಯಾರದು ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಹೆಂಗಸರ ವೇಟಿಂಗ್ ರೂಮಿನಲ್ಲಿ ಒಬ್ಬಳಿದ್ದಳಂತೆ. ಮೊಣಕಾಲಿನವರೆಗೆ ಹರಿದ ಸೀರೆ, ಚಳಿಗೆ ನಡುಗುತ್ತಿದ್ದಳು, ಏನು ಕೇಳಿದರೂ ಮಾತಿಲ್ಲ. ಕಾಕುವಿನ ಚೀಲದಲ್ಲಿ ಇದ್ದದ್ದು ಮದುವೆಗೆಂದು ಇಟ್ಟ ಒಂದೇ ರೇಷ್ಮೆ ಸೀರೆ.

"ರೇಷ್ಮೆ ಕೊಟ್ರೆ ಕದ್ದದ್ದು ಅಂತ ಪೊಲೀಸ್ರು ಹಿಡೀತಾರಲ್ವಾ? ಅದಕ್ಕೆ ರೇಷ್ಮೆ ನಾನು ಉಟ್ಟೆ, ಮೈಮೇಲಿನದ್ದು ಅವಳಿಗೆ ಕೊಟ್ಟೆ. ಉಡಿಸಿದ್ದೂ ನಾನೇ. ನೆರಿಗೆ ಹಿಡಿಯುವಾಗ ಅವಳು ನನ್ನನ್ನೇ ನೋಡ್ತಾ ಇದ್ಳು." ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದರು. "ನನ್ನ ಸೀರೆ ಉಟ್ಕೊಂಡು ನನ್ನ ಸಾವೂ ತಗೊಂಡು ಹೋದ್ಳು. ಹೆಸರೂ ಗೊತ್ತಿಲ್ಲ ನಂಗೆ."

ಯಂತ್ರ ನಿಂತಿತು. ಆ ನಿಶ್ಶಬ್ದದಲ್ಲಿ ನಾವಿಬ್ಬರೂ ಬಾಗಿಲ ಕಡೆ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ. ಹತ್ತಿ ಮಾತ್ರ ನಿಧಾನವಾಗಿ ಇಳಿಯುತ್ತಿತ್ತು. ಈಗೀಗ ಎಡಗಣ್ಣಿನ ಅಂಚಿನಲ್ಲಿ ಯಾರೋ ನಿಂತ ಹಾಗೆ ಕಪ್ಪು ನೆರಳು ಕಾಣುತ್ತದೆ, ತಿರುಗಿದರೆ ಅದೂ ಜೊತೆಗೇ ತಿರುಗುತ್ತದೆ ಎಂದರು ಕಾಕು. ಅದು ಕಣ್ಣಿನೊಳಗೆ ಇಳಿದ ರಕ್ತದ ನೆರಳು ಎಂದು ನನಗೆ ಗೊತ್ತಿತ್ತು, ಹೇಳಿದೆ ಕೂಡ. ಹೌದು ಎಂದು ತಲೆಯಾಡಿಸಿದರು. ಆದರೆ ಅವರು ಹೆದರಿದ್ದು, ಆಸ್ಪತ್ರೆಗೆ ಬಾರದೆ ಇದ್ದದ್ದು ಆ ನೆರಳಿಗಾಗಿಯೇ. ಅದನ್ನು ಓಡಿಸುವುದು ಆ ಹೆಂಗಸನ್ನು ಎರಡನೆಯ ಸಲ ಸಾವಿಗೆ ಕಳಿಸಿದ ಹಾಗೆ ಎಂದುಕೊಂಡಿದ್ದರು.

ಮತ್ತೆ ಅವರು ಕೇಳಿದ್ದು ತಿಥಿಯ ಊಟದ ಬಗ್ಗೆ. ಊಟ ಮಾಡಿದೆಯಾ, ಎಂತ ಬಡಿಸಿದ್ದು, ಹಿಟ್ಟು ರುಬ್ಬಿದ್ದು ಯಾರು. ನೆನಪಿದ್ದಷ್ಟು ಹೇಳಿದೆ. ಸತ್ತವರಿಗೆ ಅವರದೇ ತಿಥಿಯ ಊಟದ ರುಚಿ ವರ್ಣಿಸುವುದು ಎಂಥ ಕೆಲಸ ಎಂದು ನನಗೆ ಆ ದಿನ ತಿಳಿಯಿತು.

ಊರಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬರಲು ಒಪ್ಪಿದರು. ಔರಂಗಾಬಾದಿನಲ್ಲೇ ಲೇಸರ್ ಆಯಿತು, ಹಲವು ಸಲ. ಎಡಗಣ್ಣಿನ ನೆರಳು ತಿಂಗಳುಗಳಲ್ಲಿ ತೆಳುವಾಯಿತು. ಹೋಯಿತೇ ಎಂದು ಕೇಳಿದಾಗ, "ದೂರ ಹೋಗಿ ನಿಂತಿದ್ದಾಳೆ," ಎಂದರು.

ಮರುವರ್ಷ ಲಾಸಲಗಾಂವ್‌ನಲ್ಲಿ ಮತ್ತೆ ಶಿಬಿರ, ಅದೇ ಹೋಟೆಲಿನಲ್ಲಿ. ನನಗೆ ಹೋಗುವ ಮನಸ್ಸಿರಲಿಲ್ಲ, ಡಾಕ್ಟರು ಬಿಡಲಿಲ್ಲ. ಮಾಲೆ ಹಾಕಿದ ಫೋಟೋದ ಕೆಳಗೆ ಕೂತು ತಿಂಡಿ ತಿನ್ನುವಾಗ ತಲೆ ಎತ್ತಲಾಗಲಿಲ್ಲ. ಸಂಜೆ ಹೊತ್ತಿಗೆ ಯಜಮಾನರು ಬಂದು ಕ್ಯಾಮೆರಾದ ಮುಂದೆ ಕೂತರು. ಬೆಳಕು ಮಿಂಚಿತು. ಚಿತ್ರ ಬಂತು. ಸಕ್ಕರೆಯ ಸುಳಿವು ಸ್ವಲ್ಪ ಇತ್ತು, ಬೇರೇನೂ ಇಲ್ಲ. ಮನ್ಮಾಡಿನಲ್ಲಿ ಆ ಕಣ್ಣು ಕಂಡದ್ದು ಅಲ್ಲಿ ಯಾವ ಗುರುತನ್ನೂ ಬಿಟ್ಟಿರಲಿಲ್ಲ.

ಏಳದೆ ಅಲ್ಲೇ ಕೂತು ಅವರು ಕೇಳಿದರು, "ಆಗ ಅವಳದ್ದೂ ತೆಗ್ದಿದ್ರಿ. ಅದು ಈಗಲೂ ಉಂಟಾ?"

ಉಂಟು ಎಂದೆ. ಲಾಸಲಗಾಂವ್‌ನ ಹಳೆಯ ಚಿತ್ರವನ್ನು ತೆರೆದು ತೋರಿಸಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಅಲ್ಲಿ ಪೊಲೀಸ್ರು ಕಾಲು ತೋರಿಸಿದ್ರು," ಎಂದರು. "ಸೀರೆ ಅವಳದ್ದೇ. ಕಾಲು ಅವಳದ್ದು ಹೌದಾ ಅಲ್ವಾ, ನಂಗೆ ಗೊತ್ತಾಗ್ಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳ ಕಾಲು ಹೇಗಿತ್ತು ಅಂತ ನೆನಪೇ ಆಗ್ಲಿಲ್ಲ. ಹೌದು ಅಂದೆ."

ನನ್ನ ಬಾಯಿಯವರೆಗೆ ಬಂದದ್ದನ್ನು ನುಂಗಿದೆ. ಅದು ಹೇಳಲು ನನ್ನದಾಗಿರಲಿಲ್ಲ. ಅವರು ನನ್ನ ಮುಖ ನೋಡಿದರು, ಏನೋ ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಎದ್ದು ಗಲ್ಲಾಕ್ಕೆ ಹೋದರು.

ಮುಂದಿನ ಸಲ ಕಾಕು ಪರೀಕ್ಷೆಗೆ ಬಂದಾಗ ಇದನ್ನು ಹೇಳಿದೆ, ಕಾಲಿನ ಮಾತೊಂದನ್ನು ಬಿಟ್ಟು. ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣಿಗೆ ಹನಿ ಹಾಕಿಸಿಕೊಂಡು ಮುಚ್ಚಿ ಕೂತಿದ್ದರು. ಕಣ್ಣು ತೆರೆಯದೆಯೇ ಕೇಳಿದರು, "ಅವರಿಗೂ ಶುಗರ್ ಉಂಟಾ?"

"ಸ್ವಲ್ಪ ಐತ್ರಿ."

"ಅನ್ನ ಕಡಿಮೆ ಮಾಡ್ಲಿಕ್ಕೆ ಹೇಳು."

"ಯಾರು ಹೇಳಿದ್ರು ಅನ್ಲಿ?"

"ಡಾಕ್ಟ್ರು ಹೇಳಿದ್ದು ಅನ್ನು," ಎಂದರು.

ನಾನು ಲಾಸಲಗಾಂವ್‌ಗೆ ಫೋನು ಮಾಡಿ ಹಾಗೆಯೇ ಹೇಳಿದೆ.