ಬಾಬಣ್ಣ ಗಾಳ ಹಿಡಿದ ದಿನ

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮೇಲಿನ ಮೊದಲ ಬೇಸಗೆ. ಪುತ್ತೂರಿನಲ್ಲಿ ಬೆಳಗಿನ ಬಸ್ಸು ಹತ್ತಿ ಕಡಬದಲ್ಲಿ ಇಳಿಯುವಾಗ ನನ್ನ ಬಿಳಿ ಅಂಗಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಂಗಳೂರಿನಿಂದ ತರಿಸಿದ ಹೊಸ ಗಾಳದ ಕೋಲನ್ನು ಕಂಡು ಕಂಡಕ್ಟರು ದಾರಿಯುದ್ದಕ್ಕೂ ನನ್ನನ್ನು ಗೋಳು ಹೊಯ್ದುಕೊಂಡಿದ್ದ. ಹೋಟೆಲಿನಲ್ಲಿ ಗೋಳಿಬಜೆ ತಿಂದು, ಚಹಾ ಕುಡಿದು, ಸುಡುವ ಬಿಸಿಲಿನಲ್ಲಿ ಕೋಡಿಂಬಾಳದ ಕಡೆಗೆ ನಡೆದೆ.

ಕುಮಾರಧಾರೆಯ ದಡದಲ್ಲಿ ಬಾಬಣ್ಣ ಕಾಯುತ್ತಿದ್ದರು. ಗಾಳದ ಹುಚ್ಚು ಹಿಡಿದ ತೋಟದ ದೊರೆಗಳನ್ನು, ಡಾಕ್ಟರರನ್ನು, ನನ್ನಂಥ ವಕೀಲರನ್ನು ದೋಣಿಯಲ್ಲಿ ಕೂರಿಸಿಕೊಂಡು ಮೀನಿರುವ ಗುಂಡಿಗೆ ಮುಟ್ಟಿಸುವುದೇ ಅವರ ಜೀವಮಾನದ ಕಸುಬು. ಬಡಾಯಿಯಲ್ಲಿ ಅವರನ್ನು ಮೀರಿಸುವವರಿಲ್ಲ.

"ಇವತ್ತಿಗೆ ಮುಗೀತು ಮಾರಾಯ್ರೆ. ಭುಜ ಏಳುದಿಲ್ಲ. ನಾಳೆಯಿಂದ ದೋಣಿ ಅಳಿಯನಿಗೆ" ಎಂದರು.

ನನಗೆ ಪಿಚ್ಚೆನಿಸಿತು. ದೋಣಿ ಹತ್ತಿ ಕೂತು, ಮಾತು ಬದಲಿಸಲು, ಇಷ್ಟು ವರ್ಷಗಳಲ್ಲಿ ಅವರು ಹಿಡಿದ ಅತಿ ದೊಡ್ಡ ಮೀನು ಯಾವುದೆಂದು ಕೇಳಿದೆ.

"ಗಾಳದಲ್ಲಾ? ಒಂದೂ ಇಲ್ಲ. ಜಲ್ಲೆ ಹಿಡಿದವ ಗಾಳ ಮುಟ್ಟುವ ಹಾಗಿಲ್ಲ, ಅಪ್ಪನ ಕಾಲದಿಂದಲೂ ಹಾಗೆಯೇ. ದೋಣಿಯವನ ಕಣ್ಣು ಮೀನಿನ ಮೇಲೆ ಹೋದ್ರೆ ಕೂತವರ ಗತಿ ಎಂತ?" ಬಿದಿರಿನ ಜಲ್ಲೆಯನ್ನು ನೀರಿನ ತಳಕ್ಕೆ ಊರಿ ದೋಣಿಯನ್ನು ಮುಂದಕ್ಕೆ ನೂಕಿದರು. "ಮೀನು ಎಳೆಯುವಾಗ ಕೈಗೆ ಹೇಗೆ ಆಗ್ತದೆ ಅಂತ ಒಮ್ಮೆ ನೋಡುವ ಆಸೆ ಮಾತ್ರ ಉಂಟು."

ಅಯ್ಯೋ ದೇವರೇ! ಇಷ್ಟು ವರ್ಷ ಮೀನು ತೋರಿಸಿದವರಿಗೇ ಈ ಗತಿಯೇ? "ಹಾಗಾದ್ರೆ ಇವತ್ತು ದೋಣಿಯವ ನಾನು" ಎಂದು ಜಲ್ಲೆ ಕಸಿದುಕೊಂಡೆ.

ಮಧ್ಯಾಹ್ನದವರೆಗೆ ಆಳವಿಲ್ಲದ ನೀರಿನಲ್ಲಿ ನನಗೆ ಪಾಠ ನಡೆಯಿತು. ಕೋರ್ಟಿನಲ್ಲಿಯೂ ನಾನು ಅಷ್ಟು ಬೈಗುಳ ತಿಂದವನಲ್ಲ. ಗಂಜಿ, ಮಿಡಿ ಉಪ್ಪಿನಕಾಯಿ ಮುಗಿಸಿ ದೊಡ್ಡ ಗುಂಡಿಗೆ ಹೋದೆವು. ಬಾಬಣ್ಣ ಅಕ್ಕಿಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಬಿಟ್ಟರು.

ಬಹಳ ಹೊತ್ತಿನ ಮೇಲೆ ಕೋಲು ಬಿಲ್ಲಾಯಿತು. "ಬಂತು! ವಕೀಲ್ರೆ, ಬಂತು!" ಎಂದು ಕೂಗಿದರು. ಮೀನು ಸೆಳವಿನ ಕಡೆಗೆ ಎಳೆಯಿತು, ದೋಣಿ ಅಡ್ಡ ತಿರುಗಿತು. ಎದುರಿಗೆ ಬಂಡೆ. ನಾನು ಊರಿದ ಜಲ್ಲೆ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಎಷ್ಟು ಎಳೆದರೂ ಬರಲೊಲ್ಲದು!

ಬಾಬಣ್ಣ ಒಮ್ಮೆ ನೀರನ್ನು ನೋಡಿದರು, ಒಮ್ಮೆ ನನ್ನನ್ನು. ಕೋಲನ್ನು ಬಿಟ್ಟುಬಿಟ್ಟರು. ಏಳದ ಆ ಭುಜವನ್ನೇ ಎತ್ತಿ ಜಲ್ಲೆ ಕಿತ್ತು, ಬಂಡೆಗೆ ಒತ್ತಿ ದೋಣಿಯನ್ನು ತಿರುಗಿಸಿದರು. ಮೀನಿನೊಂದಿಗೆ ಕೋಲೂ ಹೋಯಿತು.

"ನಿಮ್ಮ ಹೊಸ ಕೋಲು..." ಎಂದರು ಏದುಸಿರಿನಲ್ಲಿ.

"ಕೋಲು ಹಾಳಾಗಿ ಹೋಗಲಿ! ನಿಮ್ಮ ಮೀನು ಹೋಯ್ತಲ್ಲ ಬಾಬಣ್ಣ!" ನನಗೆ ಅಳುವೇ ಬಂದಿತ್ತು.

"ಈ ದೋಣಿಯಿಂದ ಒಬ್ಬರೂ ನೀರಿಗೆ ಬಿದ್ದವರಿಲ್ಲ. ಕಡೆಯ ದಿವಸ ನಿಮ್ಮನ್ನು ಬೀಳಿಸುದಾ?"

ಸಂಜೆಯ ಬಸ್ಸಿಗಾಗಿ ದಡ ಏರಿ ತಿರುಗಿ ನೋಡಿದೆ. ಬಾಬಣ್ಣ ದೋಣಿಯಲ್ಲೇ ಕೂತು ಬಲಗೈಯನ್ನು ಮುಚ್ಚಿ, ಬಿಚ್ಚಿ ನೋಡಿಕೊಳ್ಳುತ್ತಿದ್ದರು.

"ನೋವು ಉಂಟಾ?" ಎಂದು ಕೂಗಿದೆ.

"ಇಲ್ಲ ಮಾರಾಯ್ರೆ," ಎಂದರು, "ಮೀನು ಇನ್ನೂ ಎಳೀತಾ ಉಂಟು!"