ಅಡ್ಡ ಬೀಳುವ ಯೋರಾನ್

ಟಣ್! ಸ್ಟೀಲ್ ಲೋಟದೊಳಗೆ ಹಲ್ಲಿನ ಸೆಟ್ಟು ಬಿದ್ದ ಸದ್ದು. ಯೋರಾನನನ್ನು ನೆನೆದರೆ ನನಗೆ ಮೊದಲು ಕೇಳಿಸುವುದೇ ಅದು. ಐಸ್ ಮೇಲೆ ಇಳಿಯುವ ಮುನ್ನ ಅವನು ಮುಂದಿನ ಕಟ್ಟಿಸಿದ ಹಲ್ಲುಗಳನ್ನು ಕಳಚಿ, ಯಾರದೋ ಕಾಫಿ ಕುಡಿದು ಬಿಟ್ಟ ಪೇಪರ್ ಕಪ್ಪಿನಲ್ಲಿ ಹಾಕಿಡುತ್ತಿದ್ದ. ಎರಡು ವಾರ ನೋಡಿದೆ, ಮೂರನೆಯ ವಾರ ತಡೆಯಲಾಗದೆ ಮನೆಯಿಂದ ಒಂದು ಲೋಟ ತಂದುಕೊಟ್ಟೆ. “ಪ್ರೆಸೆಂಟಾ?” ಎಂದು ಬೊಚ್ಚು ಬಾಯಲ್ಲಿ ನಕ್ಕ. ಐವತ್ತು ದಾಟಿದ, ಬಾಗಿಲಿನಷ್ಟು ಅಗಲದ ಗಂಡಸು. ನಕ್ಕರೆ ಆರು ತಿಂಗಳ ಕೂಸು.

ನ್ಯೂಜಿಲೆಂಡಿನಲ್ಲಿ, ಬಾಟನಿ ಡೌನ್ಸಿನ ನಮ್ಮ ಮನೆಗೆ ಹತ್ತಿರದ ಐಸ್ ರಿಂಕಿನಲ್ಲಿ ಅವನು ಮಕ್ಕಳಿಗೆ ಐಸ್ ಹಾಕಿ ಆಟ ಕಲಿಸುತ್ತಿದ್ದ. ಪಾಠದ ನಡುವೆ ಐಸ್ ಸವರುವ ಆ ದೊಡ್ಡ ಗಾಡಿಯನ್ನು ಓಡಿಸುವವನೂ ಅವನೇ. ನನ್ನ ಮೊಮ್ಮಗಳು ಅನ್ವಿ ಅವನ ಶಿಷ್ಯೆ. ಮಗ ಪ್ರಸನ್ನ ಶನಿವಾರ ನಮ್ಮಿಬ್ಬರನ್ನು ಅಲ್ಲಿ ಬಿಟ್ಟು ಮಾಲಿಗೆ ಹೋಗುತ್ತಿದ್ದ. ನಾನು ಎರಡು ಸ್ವೆಟರ್, ಎರಡು ಜೊತೆ ಸಾಕ್ಸ್ ಹಾಕಿಕೊಂಡು ಬೆಂಚಿನ ಮೇಲೆ ಗಡಗಡ ನಡುಗುತ್ತ ಕೂರುತ್ತಿದ್ದೆ.

ಬಿಡುವಿನಲ್ಲಿ ಯೋರಾನ್ ಪಕ್ಕಕ್ಕೆ ಬಂದು ತನ್ನ ಕಥೆ ಹೇಳುತ್ತಿದ್ದ. ಸ್ವೀಡನ್ನಿನ ಉತ್ತರದಲ್ಲಿ, ಪೇಪರ್ ಮಿಲ್ಲಿನ ಒಂದು ಊರು. ಚಳಿಗಾಲದಲ್ಲಿ ಅಪ್ಪ ಹಿತ್ತಿಲಿಗೆ ನೀರು ಬಿಟ್ಟು ಹೆಪ್ಪುಗಟ್ಟಿಸಿ ಮಗನನ್ನು ಆಡಲು ಬಿಡುತ್ತಿದ್ದನಂತೆ. ಮುಂದೆ ಅದೇ ಹೊಟ್ಟೆಪಾಡಾಯಿತು. ಸ್ವೀಡನ್ನಿನ ಎರಡನೆಯ ದರ್ಜೆಯ ಟೀಮುಗಳು, ಆಮೇಲೆ ಜರ್ಮನಿ, ನಾರ್ವೆ. ಎಲ್ಲ ಕಡೆಯೂ ಒಂದೊಂದು ಸೀಸನ್ನಿನ ಕಾಂಟ್ರಾಕ್ಟ್. ಅಲ್ಲಿ ಬೇಸಿಗೆ ಬಂದಾಗ ಇಲ್ಲಿ ಚಳಿಗಾಲವಲ್ಲವೇ, ಒಂದು ವರ್ಷ ಆಡಿ ಹೋಗೋಣವೆಂದು ನ್ಯೂಜಿಲೆಂಡಿಗೆ ಬಂದವನು ಮಂಡಿ ಹೋಗಿ ಇಲ್ಲೇ ಉಳಿದ.

“ಗೋಲ್ ಹೊಡೆಯೋದು ಬೇರೆಯವರ ಕೆಲಸ, ಆಂಟಿ. ನಾನು ಪಕ್‌ಗೆ ಅಡ್ಡ ಬೀಳೋನು,” ಎನ್ನುತ್ತಿದ್ದ. ಪಕ್ ಎಂದರೆ ಆ ಕಪ್ಪು ರಬ್ಬರ್ ಬಿಲ್ಲೆ. “ಬಿದ್ದಿದ್ದಕ್ಕೇ ಸಂಬಳ. ನೋಡಿ, ಹಲ್ಲು ಆ ಊರಲ್ಲಿ, ಪಕ್ಕೆಲುಬು ಈ ಊರಲ್ಲಿ!”

ಅನ್ವಿಗೆ ನಾನು ವಾರವಾರವೂ “ಮಂಡಿ ಬಗ್ಗಿಸು ಕಂದ” ಎಂದು ಬೆಂಚಿನಿಂದಲೇ ಕೂಗುತ್ತಿದ್ದುದನ್ನು ಕೇಳಿ ಕೇಳಿ ಅವನೂ ಕಲಿತ. ಕಡೆಕಡೆಗೆ ಈ ದೇಶದ ಮಕ್ಕಳೂ ಚೀನೀ ಮಕ್ಕಳೂ ಸೇರಿ ಇಡೀ ರಿಂಕಿಗೆ ಹಲ್ಲಿಲ್ಲದ ಬಾಯಲ್ಲಿ “ಮಂಡಿ! ಮಂಡಿ!” ಎಂದು ಆಜ್ಞೆಯಾಗುತ್ತಿತ್ತು. “ಅಜ್ಜಿ, ಹೀ ಸೇಸ್ ಇಟ್ ಬೆಟರ್ ದ್ಯಾನ್ ಡ್ಯಾಡ್,” ಎನ್ನುತ್ತಿದ್ದಳು ಅನ್ವಿ.

ಪ್ರಸನ್ನ ಆ ವರ್ಷ ನಮ್ಮ ಕನ್ನಡ ಸಂಘದ ಸೆಕ್ರೆಟರಿ. ರಾಜ್ಯೋತ್ಸವಕ್ಕೆ ಯೋರಾನನನ್ನು ಕರೆದು ಸನ್ಮಾನ ಮಾಡೋಣವೆಂದ. ನನಗೂ ಖುಷಿಯಾಯಿತು. ಸ್ಟೇಜಿನ ಮೇಲೆ ಅವನ ಪಕ್ಕ ನನ್ನನ್ನೇ ಕೂರಿಸಿದರು, ಕನ್ನಡದಲ್ಲಿ ನಡೆಯುವುದನ್ನು ಅವನ ಕಿವಿಯಲ್ಲಿ ಇಂಗ್ಲಿಷಿಗೆ ತಿರುಗಿಸಲು. ಅವನು ಬಿಳಿ ಷರ್ಟ್ ಇಸ್ತ್ರಿ ಮಾಡಿಸಿಕೊಂಡು, ಹಲ್ಲು ಹಾಕಿಕೊಂಡು ಬಂದಿದ್ದ. ಜರಿ ಅಂಚಿನ ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮದುಮಗನ ಹಾಗೆ ನಾಚಿಕೊಂಡು ಕೂತಿದ್ದ.

ನಮ್ಮವರ ಸನ್ಮಾನದ ಪರಿಚಯ ಭಾಷಣ ನಿಮಗೆ ಗೊತ್ತಲ್ಲ. ಎಲ್ಲರನ್ನೂ ಎರಡು ಮೆಟ್ಟಿಲು ಮೇಲೆ ಹತ್ತಿಸುವುದೇ ಪದ್ಧತಿ. ಗಣೇಶನ ಹಬ್ಬಕ್ಕೆ ಒಂದು ಹಾಡು ಹೇಳಿದವಳು ಗಾನಕೋಗಿಲೆ, ಎರಡು ಪದ್ಯ ಬರೆದವನು ಹಿರಿಯ ಸಾಹಿತಿ. ಯಾರೂ ನಂಬುವುದಿಲ್ಲ, ಯಾರೂ ಬೇಸರಿಸುವುದೂ ಇಲ್ಲ. ಅದೂ ಹೂವಿನ ಹಾರದ ಹಾಗೆ ಒಂದು ಅಲಂಕಾರ. ಪ್ರಸನ್ನ ಮೈಕಿನಲ್ಲಿ ಏರುತ್ತಾ ಹೋದ: “ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶಕ್ಕೆ ಪದಕ ತಂದುಕೊಟ್ಟ, ವಿಶ್ವವಿಖ್ಯಾತ ಆಟಗಾರ...” ಹಾಲ್ ತುಂಬ ಚಪ್ಪಾಳೆ. ಯೋರಾನ್ ಎದ್ದು ಕೈಮುಗಿದ. ಕೂತ ಮೇಲೆ ನನ್ನ ಕಡೆ ಬಾಗಿ, “ಯಾಕೆ ಇಷ್ಟು ಚಪ್ಪಾಳೆ? ಏನಂದರು?” ಎಂದ.

ಕಾನ್ವೆಂಟಿನ ಸಿಸ್ಟರ್‌ಗಳು ನನ್ನನ್ನು ಹಾಗೆ ತಿದ್ದಿಬಿಟ್ಟಿದ್ದಾರೆ: ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ಯೋಚಿಸುವ ಮೊದಲೇ ನೇರ ಉತ್ತರ ಹೊರಬೀಳುತ್ತದೆ. ಹೇಳಿಬಿಟ್ಟೆ.

ಅವನ ಕತ್ತು ಕೆಂಪಾಯಿತು. ಮೆಲ್ಲಗೆ ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಮೈಕಿನ ಹತ್ತಿರ ಹೋದ.

“ಕ್ಷಮಿಸಿ, ನನ್ನ ಹತ್ತಿರ ಪದಕ ಇಲ್ಲ,” ಎಂದ ಇಂಗ್ಲಿಷಿನಲ್ಲಿ. “ನಾನು ದೇಶಕ್ಕೆ ಆಡೇ ಇಲ್ಲ. ಒಂದು ಸಲ ನ್ಯಾಷನಲ್ ಟೀಮಿನ ಕ್ಯಾಂಪಿಗೆ ಕರೆದಿದ್ದರು, ಜರ್ಸಿನೂ ಕೊಟ್ಟಿದ್ದರು. ಮ್ಯಾಚಿನ ಮುಂಚೆ ಮನೆಗೆ ಕಳಿಸಿದರು. ಅಷ್ಟರಲ್ಲಿ ನಮ್ಮಮ್ಮ ಊರಿಗೆಲ್ಲ ಹೇಳಿ ಆಗಿತ್ತು. ಬೇಕರಿಯವನು ಕಿಟಕಿಯಲ್ಲಿ ನನ್ನ ಫೋಟೋ ಇಟ್ಟಿದ್ದ. ಆ ಚಳಿಗಾಲ ಪೂರ್ತಿ ನಾನು ಬ್ರೆಡ್ ತರೋಕೆ ಹಿಂದಿನ ಬಾಗಿಲಿಂದ ಹೋಗ್ತಿದ್ದೆ. ನನ್ನ ಕೆರಿಯರ್ ಚಿಕ್ಕದು, ಆದರೆ ನಂದು. ದಯವಿಟ್ಟು ಅಷ್ಟೇ ಇರಲಿ.”

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಸನ್ನ “ಎಂಥ ಸರಳತೆ!” ಎಂದು ಒಂದು ನಗೆ ನಕ್ಕು ಮಕ್ಕಳ ಡ್ಯಾನ್ಸ್ ಕರೆದುಬಿಟ್ಟ. ಮಗನ ಮುಖ ನೋಡಿದರೆ ಮಗನಿಗಾಗಿ ನಾಚಿಕೆ. ಯೋರಾನನ ಮುಖ ನೋಡಿದರೆ ಮಗನಿಂದಾಗಿ ಇನ್ನೊಂದು ನಾಚಿಕೆ. ತಲೆ ಎಲ್ಲಿಡಬೇಕೋ ತಿಳಿಯಲಿಲ್ಲ.

ಊಟದ ಹೊತ್ತಿಗೆ ಯೋರಾನನ ಸುತ್ತ ಕುರ್ಚಿಗಳೆಲ್ಲ ಖಾಲಿ. ಸೆಲ್ಫಿಗೆಂದು ಕಾದಿದ್ದವರು ಬಿಸಿಬೇಳೆಬಾತಿನ ಕ್ಯೂನಲ್ಲಿ ಗೋಡೆ ನೋಡುತ್ತ ನಿಂತಿದ್ದರು. ನಾನು ತಟ್ಟೆ ಹಿಡಿದು ಅವನ ಎದುರು ಕೂತೆ. ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದ.

“ಆಂಟಿ, ಇದು ಪದಕಕ್ಕೆ ಕೊಟ್ಟಿದ್ದಾ, ಪಾಠಕ್ಕೆ ಕೊಟ್ಟಿದ್ದಾ?”

“ಪಾಠಕ್ಕೆ ಕಣಪ್ಪ,” ಎಂದೆ ಕನ್ನಡದಲ್ಲಿ. ಆ ಘಳಿಗೆ ಇಂಗ್ಲಿಷ್ ಬರಲಿಲ್ಲ. ಅವನಿಗೆ ಅರ್ಥವಾದಂತಿತ್ತು.

ಕಾರಿನಲ್ಲಿ ಪ್ರಸನ್ನ ಸಿಡಿದ. “ಅಮ್ಮಾ, ‘ಹೀ ಈಸ್ ಪ್ರೈಸಿಂಗ್ ಯು’ ಅಂದಿದ್ರೆ ಸಾಕಾಗಿತ್ತಲ್ಲ? ಎಲ್ಲರ ಮುಂದೆ ನನ್ನ ಮಾನ ತೆಗೆದ್ರಿ.”

“ನೀನು ಪದಕ ಕೊಟ್ಟೆ, ಅವನು ವಾಪಸ್ ಮಾಡಿದ. ಅದಕ್ಕೆ ನಾನೇನು ಮಾಡ್ಲಿ?”

“ಇನ್ಮೇಲೆ ಹಾಕಿ ಬೇಡ. ಸ್ವಿಮ್ಮಿಂಗಿಗೆ ಹೋಗಲಿ.”

ಹಿಂದಿನ ಸೀಟಿನಲ್ಲಿ ಅನ್ವಿ “ಬಟ್ ವೈ?” ಎಂದಳು. ಮನೆಗೆ ಹೋದ ಮೇಲೂ, ಮರುವಾರವೂ ನಾನು ಎಷ್ಟು ಹೇಳಿದರೂ ಪ್ರಸನ್ನ ಜಗ್ಗಲಿಲ್ಲ. ಅವಳ ಸ್ಕೇಟ್ಸ್ ಗರಾಜಿನ ಶೆಲ್ಫ್ ಸೇರಿದವು.

ಯೋರಾನ್ ದೂರದ ನೆಲ್ಸನ್ ಊರಿಗೆ ಹೋಗುತ್ತಾನಂತೆ, ಅಲ್ಲಿನ ಸೇಬಿನ ತೋಟದಲ್ಲಿ ಕೆಲಸ ಸಿಕ್ಕಿದೆಯಂತೆ ಎಂದು ಇನ್ನೊಂದು ಮಗುವಿನ ತಾಯಿಯಿಂದ ಕೇಳಿದೆ. ಮಂಡಿ ಐಸನ್ನು ತಡೆಯುತ್ತಿರಲಿಲ್ಲವಂತೆ. ಯಾರಿಗೂ ಹೇಳದೆ ಬಸ್ ಹತ್ತಿ ಒಬ್ಬಳೇ ರಿಂಕಿಗೆ ಹೋದೆ. ಅನ್ವಿ ಎಲ್ಲಿ ಎಂದು ಅವನು ಕೇಳಿಯೇ ಕೇಳುತ್ತಾನೆ. ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡೆ: ಅವಳಿಗೆ ಕೆಮ್ಮು, ಡಾಕ್ಟರ್ ಥಂಡಿ ಬೇಡ ಅಂದಿದ್ದಾರೆ. ಈ ವಯಸ್ಸಿನಲ್ಲಿ, ಅದೂ ಆ ಮನುಷ್ಯನೆದುರು ಹೇಳಲು ಒಂದು ಸುಳ್ಳನ್ನು ಗಟ್ಟಿ ಮಾಡುತ್ತ ಕೂತೆನಲ್ಲ ಎಂದು ಬಸ್ಸಿನಲ್ಲೇ ಮುಖ ಬಿಸಿಯಾಯಿತು.

ರಿಂಕಿನಲ್ಲಿ ಮಕ್ಕಳಿರಲಿಲ್ಲ. ಅವನು ಗಾಡಿಯ ಹತ್ತಿರ ನಿಂತಿದ್ದ, ಕುತ್ತಿಗೆಗೆ ಎರಡು ಸುತ್ತು ನಮ್ಮ ಜರಿ ಅಂಚಿನ ಶಾಲು. ನನ್ನನ್ನು ನೋಡಿ, ನನ್ನ ಪಕ್ಕದ ಖಾಲಿ ಜಾಗವನ್ನೂ ನೋಡಿದ.

“ಯೋರಾನ್, ಅನ್ವಿಗೆ...” ಎಂದೆ.

“ಹೇಳಬೇಡಿ ಆಂಟಿ,” ಎಂದ ಮೆತ್ತಗೆ. “ಅವಳಿಗೆ ನೆನಪಿಸಿ. ಮಂಡಿ.”

ನನ್ನ ಲೋಟವನ್ನು ತೊಳೆದು ಟಿಶ್ಯೂ ಸುತ್ತಿ ಇಟ್ಟಿದ್ದ. ನೀನೇ ಇಟ್ಟುಕೋ ಎಂದು ಅವನ ಕೈಯಲ್ಲೇ ಬಿಟ್ಟೆ. ಅವನು ಗಾಡಿ ಹತ್ತಿದ. ನಾನು ಗಾಜಿನ ಈಚೆ ನಿಂತೆ. ಅವನು ನಿಧಾನವಾಗಿ ಸುತ್ತು ಬರುತ್ತಿದ್ದ. ಪ್ರತಿ ತಿರುವಿನಲ್ಲೂ ಶಾಲಿನ ಜರಿ ಟ್ಯೂಬ್‌ಲೈಟಿಗೆ ಒಮ್ಮೆ ಮಿಂಚುತ್ತಿತ್ತು.