ಬೆಟ್ಟ ಕೇಳಿದ ಮಿಸ್

ಸೂಟ್‌ಕೇಸಿಗೆ ಬಟ್ಟೆ ತುಂಬುವಾಗ ಹಳೆಯ ಯೂನಿಫಾರಂ ಅಡಿಯಿಂದ ಉದ್ದನೆಯ ನೋಟ್‌ಬುಕ್ ಒಂದು ಸಿಕ್ಕಿತು. ನುಸಿಗುಳಿಗೆಯ ವಾಸನೆ. ಮೊದಲ ಪುಟದಲ್ಲಿ ನನ್ನದೇ ಅಕ್ಷರ: ಫಾನೌ ಅಂದರೆ ಮನೆಮಂದಿ, ಅಜ್ಜ ಮುತ್ತಜ್ಜರೂ ಸೇರಿ. ಅರೋಹ ಅಂದರೆ ಪ್ರೀತಿ, ಕರುಣೆ ಎರಡೂ. ತಪು ಅಂದರೆ ಪವಿತ್ರ, ಸುಮ್ಮನೆ ಮುಟ್ಟುವಂತಿಲ್ಲ... ಈ ಮಾವೊರಿ ಪದಗಳನ್ನು ಕಲಿಸಿದ ಮಿಸ್ ನೆನಪಾದರು.

ಜೋಗುಪಾಳ್ಯದಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆ ಅವರದು. ನ್ಯೂಜಿಲೆಂಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದೆ ಅನ್ನುತ್ತಿದ್ದರು. ಅಲ್ಲಿಗೆ ಹೋಗಬೇಕೆಂದಿದ್ದ ನಮ್ಮಂಥ ನರ್ಸುಗಳಿಗೆ ಆ ನೆಲದ ಮೂಲನಿವಾಸಿಗಳ ನಾಲ್ಕು ಮಾತು, ರೀತಿನೀತಿ ಹೇಳಿಕೊಡುತ್ತಿದ್ದರು. ನನಗೆ ಮೊದಲ ದಿನದಿಂದಲೂ ಅನುಮಾನ. ಅದೇ ವರ್ಷ ಒಬ್ಬ ಏಜೆಂಟ್ ನಮ್ಮ ವಾರ್ಡಿನ ಇಬ್ಬರ ಸರ್ಟಿಫಿಕೇಟು ಇಟ್ಟುಕೊಂಡು ನಾಪತ್ತೆಯಾಗಿದ್ದ. ಮಿಸ್ ಹೇಳಿದ ಪದವನ್ನೆಲ್ಲ ಮೆಟ್ಟಿಲಿಳಿಯುತ್ತಲೇ ಫೋನಿನಲ್ಲಿ ಹುಡುಕುತ್ತಿದ್ದೆ. ಎಲ್ಲ ಸರಿಯಾಗಿಯೇ ಇರುತ್ತಿದ್ದವು. ಇವರೂ ಇಲ್ಲಿಂದಲೇ ಎತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ! ಅಭ್ಯಾಸಕ್ಕೆಂದು ಮಲಗಿಸಿದ್ದ ಗೆಳತಿಯ ತಲೆದಿಂಬನ್ನು ನಾನೊಮ್ಮೆ ಅವಳ ಕಾಲಡಿ ಇಟ್ಟಾಗ, ಮಿಸ್ ಅದನ್ನು ಕಿತ್ತುಕೊಂಡು, "ತಲೆ ತಪು ಅಲ್ವೇನಮ್ಮ!" ಎಂದು ಗದರಿದ್ದರು. ಅದೂ ನಾಟಕ ಅನ್ನಿಸಿತ್ತು.

ಒಂದು ದಿನ ಪೆಪೆಹ ಕಲಿಸಿದರು. ಪರಿಚಯ ಹೇಳಿಕೊಳ್ಳುವ ಕ್ರಮ ಅದು. ಮೊದಲು ನಮ್ಮ ಬೆಟ್ಟ, ಆಮೇಲೆ ನದಿ, ಹಿರಿಯರು, ಹೆಸರು ಕೊನೆಗೆ.

"ನಿನ್ ಬೆಟ್ಟ ಯಾವ್ದಮ್ಮ? ಅಜ್ಜ ಯಾವೂರೋರು?" ಎನ್ನುತ್ತ ಪೆನ್ನು ತೆಗೆದರು.

ಬರೆದುಕೊಳ್ಳುತ್ತಾರೆ! ನನ್ನ ವಂಶಾವಳಿ ಇವರಿಗೇಕೆ? ಯಾವ ಕಾಗದಕ್ಕೆ? ನಂದಿ ಬೆಟ್ಟ, ಕಾವೇರಿ ಎಂದುಬಿಟ್ಟೆ. ಇಲ್ಲದ ಅಜ್ಜನೊಬ್ಬನನ್ನೂ ಹುಟ್ಟಿಸಿದೆ. ನಾನು ಹುಟ್ಟಿ ಬೆಳೆದದ್ದು ಹಲಸೂರು ಕೆರೆಯ ಪಕ್ಕ. ನನಗೆ ಬೆಟ್ಟವೇ ಇಲ್ಲ. ಮಿಸ್ ಮುಖ ಅರಳಿತು. "ಎಷ್ಟ್ ಚೆನ್ನಾಗ್ ಹೇಳ್ದೆ" ಎಂದರು. ನಾವು ಹೇಳಿದ ಮೇಲೆ ಎದುರಿನವರನ್ನೂ ಕೇಳಬೇಕು ಎಂದು ತಿಳಿಸಿ, ಸ್ವಲ್ಪ ಹೊತ್ತು ನಮ್ಮನ್ನೇ ನೋಡುತ್ತ ಕೂತರು... ನಾವು ಯಾರೂ ಕೇಳಲಿಲ್ಲ.

ಹೋದ ತಿಂಗಳು ವೀಸಾ ಬಂತು. ಸಂದರ್ಶನದಲ್ಲಿ ನನ್ನ ಕೈ ಹಿಡಿದದ್ದು ಮಿಸ್ ಪಾಠವೇ. ನಿಜ ಒಪ್ಪಿಕೊಂಡುಬಿಡೋಣ ಎಂದು ಸಿಹಿ ಹಿಡಿದು ಹೋದೆ. ಮೇಲಿನ ಬಾಗಿಲಿಗೆ ಬೀಗ. ಟೈಲರ್ ಹೊಲಿಗೆ ನಿಲ್ಲಿಸಿ ಎದ್ದು ಬಂದರು.

"ಮಿಸ್ ತೀರ್ಕೊಂಡ್‌ಬಿಟ್ರಮ್ಮ, ದೀಪಾವಳಿಗೆ ಮುಂಚೇನೇ. ನಂದಿ ಬೆಟ್ಟದ ಹುಡ್ಗಿ ನೀವೇ ತಾನೆ? ನಿಮ್ ಬಗ್ಗೆ ಬಹಳ ಹೇಳೋರು."

ಹೌದೆಂದು ತಲೆಯಾಡಿಸಿ, ಸಿಹಿಯನ್ನು ಅವರ ಕೈಗೇ ಕೊಟ್ಟು ಬಂದೆ. ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ನಾಡಿದ್ದು ಹೊರಡುತ್ತೇನೆ. ಅಲ್ಲಿ ಕೇಳಿದರೆ ಹಲಸೂರು ಕೆರೆ ಎಂದೇ ಹೇಳುತ್ತೇನೆ. ಇದನ್ನೆಲ್ಲ ಕಲಿಸಿದವರ ಬೆಟ್ಟ ಯಾವುದು ಎಂದು ಯಾರಾದರೂ ಕೇಳಿದರೆ... ನನಗೆ ಗೊತ್ತಿಲ್ಲ.